ಕೆಂಪಣ್ಣನವರ ಎರಡು ಖಾಲಿ ಸಾಲು

ಹಾಸನ ಸೀಮೆಯ ಒಂದು ಕಚೇರಿಯಲ್ಲಿ, ಯಾವ ಕಚೇರಿ ಅಂತ ಕೇಳಬೇಡಿ, ಕೇಳಿ ಆಗಬೇಕಾದ್ದೇನೂ ಇಲ್ಲ, ಕೆಂಪಣ್ಣ ಅನ್ನುವವರು ಮೂವತ್ತೊಂದು ವರ್ಷ ನೌಕರಿ ಮಾಡಿ ನಿವೃತ್ತರಾದರು. ಮಾಡಿದರು ಅನ್ನುವುದು ದೊಡ್ಡ ಮಾತು. ಕೂತಿದ್ದರು. ಅದನ್ನಾದರೂ ನೆಟ್ಟಗೆ ಕೂತರೇ ಅಂದರೆ ಅದೂ ಇಲ್ಲ. ಕುರ್ಚಿಯ ಬೆನ್ನಿಗೆ ಸ್ವೆಟರು ತಗುಲಿಹಾಕಿ ಕಾಫಿಗೆ ಹೋದರೆಂದರೆ ಆವತ್ತಿನ ಡ್ಯೂಟಿಯನ್ನು ಸ್ವೆಟರೇ ಮುಗಿಸುತ್ತಿತ್ತು. ಹುಡುಕಿಕೊಂಡು ಬಂದವರಿಗೆ ಪಕ್ಕದ ಟೇಬಲ್ಲಿನವರು ಹೇಳಬೇಕಾದ ಮಾತು ಒಂದೇ: "ಸಾಹೇಬ್ರು ಸೀಟಲ್ಲಿಲ್ಲ, ಸೋಮವಾರ ಬನ್ನಿ."

ಅಷ್ಟು ವರ್ಷದಲ್ಲಿ ಅವರು ಕಲಿತ ವಿದ್ಯೆ ಒಂದಿತ್ತು. ಬಂದ ಅರ್ಜಿಗಳನ್ನು ಬರೆದುಕೊಳ್ಳುವ ಪುಸ್ತಕದಲ್ಲಿ ಪ್ರತಿದಿನದ ಕೊನೆಗೆ ಎರಡು ಸಾಲು ಖಾಲಿ ಬಿಡುವುದು. ಗಡುವು ಮುಗಿದ ಮೇಲೆ ಬೇಕಾದವರು ಯಾರಾದರೂ ಬಂದರೆ ಆ ಸಾಲಿನಲ್ಲಿ ಅವರ ಹೆಸರು ತುಂಬಿಸಿ ಹಿಂದಿನ ತಾರೀಕಿನ ಮೊಹರು ಒತ್ತುವುದು. ಬೇಡದವರು ಬಂದರೆ "ತಾರೀಕು ಮುಗ್ದೋಯ್ತಲ್ಲಮ್ಮ" ಅಂತ ಮರುಕ ತೋರಿಸುವುದು. ಈ ಎರಡು ಸಾಲಿನ ಬಲದ ಮೇಲೆ ಮನುಷ್ಯ ತಾನು ಕಾಲಕ್ಕೇ ಯಜಮಾನ ಅಂದುಕೊಂಡುಬಿಟ್ಟಿದ್ದ.

ಹೆಂಡತಿ ಅನಸೂಯಮ್ಮ ಶಾಂತಿಗ್ರಾಮದ ಕಡೆಯವರು. ಏಳನೇ ಕ್ಲಾಸು ಪಾಸು. ಹಾಸನದ ಮನೆಯಲ್ಲಿ ಅವರಿಗೂ ಸಂಬಳವಿಲ್ಲದ ಒಂದು ಕೆಲಸವಿತ್ತು, ಬಾಗಿಲಿಗೆ ಬಂದವರಿಗೆ "ಮನೇಲಿಲ್ಲ" ಅನ್ನುವುದು. ಹಳ್ಳಿಮೈಸೂರಿನ ಲಕ್ಷ್ಮಿದೇವಮ್ಮ ಎಂಬ ಹೆಂಗಸು ಗಂಡ ಸತ್ತ ಮೇಲೆ ಪಿಂಚಣಿಗಾಗಿ ಕಚೇರಿ ಸುತ್ತಿ ಸುತ್ತಿ ಸಾಕಾಗಿ, ಒಂದು ಭಾನುವಾರ ಸೆರಗಿನಲ್ಲಿ ಅವರೆಕಾಯಿ ಕಟ್ಟಿಕೊಂಡು ಮನೆಗೇ ಬಂದಳು. ಒಳಗೆ ಕೆಂಪಣ್ಣನವರು ಮುದ್ದೆ ಮುರಿಯುತ್ತಿದ್ದರು. ಅನಸೂಯಮ್ಮ ಎಂದಿನಂತೆ "ಮನೇಲಿಲ್ಲ ಕಣವ್ವ" ಅಂದರು. ಆ ಹೆಂಗಸು ಹೊಸ್ತಿಲ ಪಕ್ಕ ನೋಡಿ, "ಚಪ್ಪಲಿ ಅವೆ ಕಣವ್ವ" ಅಂದಳು. ಜಗಳಕ್ಕೆ ಅಂದದ್ದಲ್ಲ, ಇದ್ದದ್ದನ್ನು ಅಂದಳು. ಆಮೇಲೆ ಅವರೆಕಾಯಿ ಜಗಲಿ ಮೇಲೆ ಸುರಿದು ಹೋದಳು. ಆ ಕಾಯಿ ಬಿಡಿಸುವಾಗ ಅನಸೂಯಮ್ಮನಿಗೆ ಗಂಡನ ಮೇಲೆ ಹುಟ್ಟಿದ ಅಸಹ್ಯ ಮತ್ತೆ ಹೋಗಲೇ ಇಲ್ಲ. ಅದರಲ್ಲಿ ಅರ್ಧ ತಮ್ಮ ಮೇಲೆಯೇ ಇತ್ತು.

ಇಂಥ ಗಂಡ ಹೆಂಡತಿ ಹೋದ ವರ್ಷ ಬ್ಯಾಂಕಾಕಿಗೆ ಹೋದರು. ಮಗಳು ಧನ್ಯಾಳ ಗಂಡ, ಚನ್ನರಾಯಪಟ್ಟಣದ ಸಂಜಯ್, ಅಲ್ಲಿ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದ. ಧನ್ಯಾಳಿಗೆ ದಿನ ತುಂಬುವ ಮುಂಚೆಯೇ ಆಪರೇಷನ್ ಆಗಿ ಹೆಣ್ಣು ಮಗು. ಇವರು ಹೋಗಿ ಇಳಿದಾಗ ಮಗುವಿಗೆ ಐದು ದಿನ. ಪ್ರವಾಸಿ ವೀಸಾ ಇದ್ದದ್ದು ಅರವತ್ತೇ ದಿನಕ್ಕೆ. ನಮ್ಮ ಕಡೆ ಬಾಣಂತನವೆಂದರೆ ಮೂರು ತಿಂಗಳಿಗೆ ಕಡಿಮೆಯಿಲ್ಲ. ಅಳಿಯ ಬೆಳಿಗ್ಗೆ ಏಳಕ್ಕೆ ಹೋದರೆ ಬರುವುದು ಸಂಜೆ ಏಳಕ್ಕೆ, ಹೊಲಿಗೆ ಮಾಗದ ಹುಡುಗಿ ಆ ಊರಲ್ಲಿ ಒಬ್ಬಳೇ. ಅರವತ್ತು ದಿನ ಅಂದ ಕೂಡಲೇ ಧನ್ಯಾ ಅತ್ತಳು.

"ಅಳ್ಬ್ಯಾಡ ಕಣೇ," ಅಂದ ಸಂಜಯ್. "ಇನ್ನೂ ಮೂವತ್ತು ದಿನ ಕೊಡ್ತಾರೆ. ಅರವತ್ತು ಮುಗಿಯೋದ್ರೊಳಗೆ ಅತ್ತೆ ಮಾವ ಅವರೇ ಇಲ್ಲಿನ ವೀಸಾ ಆಫೀಸಿಗೆ ಹೋಗಿ ಅರ್ಜಿ ಕೊಡ್ಬೇಕು, ಅಷ್ಟೆ."

ಆಫೀಸು ಎಂಬ ಮಾತು ಕಿವಿಗೆ ಬಿದ್ದದ್ದೇ ಕೆಂಪಣ್ಣನವರ ಮೈಗೆ ಹಳೆಯ ರಕ್ತ ಬಂತು. "ಅದ್ನ ನಂಗ್ ಬುಡಪ್ಪ," ಅಂದವರೇ ಇಬ್ಬರ ಪಾಸ್‌ಪೋರ್ಟನ್ನೂ ತಮ್ಮ ರೆಕ್ಸಿನ್ ಚೀಲಕ್ಕೆ ಸೇರಿಸಿ ಜಿಪ್ ಎಳೆದರು.

ಅಲ್ಲಿಗೆ ಅವರ ಕೆಲಸ ಮುಗಿಯಿತು. ಅನಸೂಯಮ್ಮ ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕುವುದು, ಬೆಳ್ಳುಳ್ಳಿ ಮೆಣಸಿನ ಸಾರು ಕಾಯಿಸುವುದು, ಮಗುವಿಗೆ ಸಾಂಬ್ರಾಣಿ ಹೊಗೆ ಕೊಡುವುದು ಅಂತ ಸೊಂಟ ನೆಟ್ಟಗೆ ಮಾಡದೆ ದುಡಿದರೆ, ಇವರು ಹತ್ತು ಗಂಟೆಗೆ ಮುದ್ದೆ ಉಂಡು ಸೋಫಾದ ಮೇಲೆ ಮಲಗುವುದು. ಆ ಮುದ್ದೆಯ ಹಿಟ್ಟನ್ನೂ ಹಾಸನದಿಂದ ಹೊತ್ತವರು ಅನಸೂಯಮ್ಮನೇ. ಎದ್ದಮೇಲೆ ಹಾಸನದಲ್ಲಿ ವರ್ಷಗಟ್ಟಲೆ ನೆನೆಗುದಿಗೆ ಬಿದ್ದ ಬೂವನಹಳ್ಳಿ ವಿಮಾನ ನಿಲ್ದಾಣದ ಕಾಗದ ನನ್ನ ಕೈಗೆ ಬಂದಿದ್ದರೆ ಎಂದೋ ಮುಗಿಸಿಬಿಡುತ್ತಿದ್ದೆ ಅಂತ ಬಡಾಯಿ. ಬಂದಿದ್ದರೆ ಆ ಕಾಗದಕ್ಕೂ ಸೋಮವಾರವೇ ಗತಿಯಾಗುತ್ತಿತ್ತು.

ಐವತ್ತನೇ ದಿನ ಧನ್ಯಾ ತಡೆಯಲಾರದೆ ಕೇಳಿದಳು. "ಅಪ್ಪಾ, ಇನ್ನು ಹತ್ತೇ ದಿನ ಐತೆ. ಯಾವಾಗ್ ಓಯ್ತೀರಿ?"

"ಬಿರ್‌ಬಿರ್ನೆ ಓದ್ರೆ ಗರಜು ಐತೆ ಅಂತ ಗೊತ್ತಾಗಿ ಆಟ ಆಡುಸ್ತಾರೆ ಕಣಮ್ಮಿ. ತಾರೀಕು ಅನ್ನೋದು ಜನುಕ್ಕೆ, ಆಫೀಸ್ಗಲ್ಲ. ಯಾವ್ ದೇಸ್ದಲ್ಲಾದ್ರೂ ಪುಸ್ತಕ್ದಲ್ಲಿ ಎರಡು ಸಾಲು ಖಾಲಿ ಬುಟ್ಟಿರ್ತಾರೆ."

ಅಂತೂ ಗಡುವಿನ ವಾರದ ಬುಧವಾರ ಇಸ್ತ್ರಿ ಷರಟು ಹಾಕಿಕೊಂಡು, ಟ್ಯಾಕ್ಸಿಯಲ್ಲಿ ಒಬ್ಬರೇ ಹೋದರು. ಅಮ್ಮನೂ ಬರಬೇಕು ಅಂತ ಮಗಳು ಅಂದದ್ದಕ್ಕೆ "ಅವಳ್ಯಾಕೆ, ನಾನ್ ಮಾತಾಡ್ತೀನಿ" ಅಂದರು. ಮಧ್ಯಾಹ್ನಕ್ಕೆ ಮೊದಲೇ ವಾಪಸು ಬಂದರು.

"ಸಾಹೇಬ್ರು ಸೀಟಲ್ಲಿರ್ಲಿಲ್ಲ. ಸೋಮವಾರ ಬನ್ನಿ ಅಂದ್ರು."

"ಶನಿವಾರಕ್ಕೇ ಮುಗಿತದಲ್ಲಪ್ಪ!" ಅಂದಳು ಧನ್ಯಾ.

"ಸೋಮವಾರ ಓದ್ರೆ ಶನಿವಾರದ ತಾರೀಕು ಆಕ್ಕೊಡ್ತಾರೆ. ನೀನ್ ಮಗು ನೋಡ್ಕೊ ಓಗು."

ಗಂಡ ಬಿಚ್ಚಿ ಎಸೆದ ಇಸ್ತ್ರಿ ಷರಟನ್ನು ಅನಸೂಯಮ್ಮ ಎತ್ತಿಕೊಂಡರು. ಆ ಷರಟನ್ನು ಒಗೆಯಲು ಹಾಕುವಾಗ ಜೇಬಿನಲ್ಲಿ ಒಂದು ಟೋಕನ್ ಚೀಟಿ ಸಿಕ್ಕಿತು. ನೂರ ನಲವತ್ತಮೂರು ಅಂತ ನಂಬರು, ಕೆಳಗೆ ಹತ್ತೂವರೆ ಗಂಟೆ ಅಂತ ಹೊತ್ತು. ಬರುವುದಕ್ಕೆ ಒಂದು ಗಂಟೆಯ ದಾರಿ, ಮನೆ ಸೇರಿದ್ದು ಹನ್ನೊಂದೂಮುಕ್ಕಾಲಿಗೆ. ಹದಿನೈದು ನಿಮಿಷ ಮಂದಿಯ ಜೊತೆ ಕೂತು ಕಾಯಲಾರದೆ ಎದ್ದು ಬಂದಿದೆ ಈ ಪ್ರಾಣಿ! ಬಂದು ಸುಳ್ಳು ಹೇಳುವುದಕ್ಕಾದರೂ ಒಂದು ಹೊಸ ಸುಳ್ಳು ಸಿಗಲಿಲ್ಲವಲ್ಲ ಅಂತ ಅವರಿಗೆ ಹೇಸಿಗೆಯಾಯಿತು. ಪಕ್ಕದ ಕೋಣೆಯಲ್ಲಿ ಮಗಳು ಮಗುವಿಗೆ ಹಾಲು ಕುಡಿಸುತ್ತ ಮೂಗು ಒರೆಸಿಕೊಳ್ಳುತ್ತಿದ್ದಳು. ಅನಸೂಯಮ್ಮ ಆ ಚೀಟಿಯನ್ನು ಹರಿದು ಕಸಕ್ಕೆ ಹಾಕಿ, ಅಳಿಯನಿಗೆ ಫೋನು ಮಾಡಿ ಶುಕ್ರವಾರಕ್ಕೆ ಅರ್ಧ ದಿನ ರಜ ಕೇಳಿದರು.

ಶುಕ್ರವಾರ ಹತ್ತೂವರೆ. ಕೆಂಪಣ್ಣನವರು ಉಂಡು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಅನಸೂಯಮ್ಮ ಒಳ್ಳೆಯ ಸೀರೆ ಉಟ್ಟು ಬಂದು ಸೋಫಾದ ಮುಂದೆ ನಿಂತು, "ಏನೂಂದ್ರೆ" ಅಂತ ಒಂದೇ ಸಲ ಕರೆದರು. ಆ ದನಿಗೆ ಬೆಕ್ಕೂ ಎಚ್ಚರವಾಗುತ್ತಿರಲಿಲ್ಲ. ಚೀಲದ ಜಿಪ್ ಎಳೆದರು. ಎರಡು ಪಾಸ್‌ಪೋರ್ಟ್ ಇದ್ದವು. ಒಂದನ್ನು ತೆಗೆದುಕೊಂಡರು.

ಅಳಿಯ ಕಳಿಸಿದ್ದ ಟ್ಯಾಕ್ಸಿಯಲ್ಲಿ ಹೋಗಿ ಇಳಿದರು. ಆಫೀಸಿನ ಬಾಗಿಲಲ್ಲಿ ಕಾದಿದ್ದ ಸಂಜಯ್, "ಮಾವನೋರ್ದು?" ಅಂದ.

"ಅವ್ರು ಸೋಮವಾರ ಬತ್ತಾರಂತೆ ಕಣಪ್ಪ."

ಟೋಕನ್ ತೆಗೆದುಕೊಂಡು ಎರಡು ಗಂಟೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತರು. ನಂಬರು ಬಂದಾಗ ಹೋದರು. ಕಿಟಕಿಯಾಚೆ ಕುರ್ಚಿಯ ಮೇಲೆ ಸ್ವೆಟರಿರಲಿಲ್ಲ, ಹೆಂಗಸೊಬ್ಬಳು ಕೂತಿದ್ದಳು. ಫಾರಂ ನೋಡಿದಳು, ಫೋಟೋ ಅಂಟಿಸಿಕೊಂಡಳು, ಸಹಿ ಹಾಕಿ ಅಂತ ಬೆರಳು ತೋರಿಸಿದಳು. ಅನಸೂಯಮ್ಮ ಏಳನೇ ಕ್ಲಾಸಿನ ದುಂಡು ಅಕ್ಷರದಲ್ಲಿ ಕನ್ನಡದಲ್ಲೇ ಹೆಸರು ಬರೆದರು. ಇನ್ನೂ ಸ್ವಲ್ಪ ಹೊತ್ತು ಕಾದ ಮೇಲೆ ಮೂವತ್ತು ದಿನದ ಮೊಹರು ಬಿದ್ದ ಪಾಸ್‌ಪೋರ್ಟ್ ಕೈಗೆ ಬಂತು. ಇಷ್ಟೇ ಕೆಲಸ! ಮೂವತ್ತೊಂದು ವರ್ಷ ಗಂಡ ದೊಡ್ಡ ಬ್ರಹ್ಮವಿದ್ಯೆ ಅಂತ ಮುಚ್ಚಿಟ್ಟುಕೊಂಡಿದ್ದು ಇಷ್ಟನ್ನೇ. ಲಕ್ಷ್ಮಿದೇವಮ್ಮನದೂ ಇಷ್ಟೇ ಹೊತ್ತಿನ ಕೆಲಸವಾಗಿತ್ತಲ್ಲ ಅಂತ ನೆನಪಾಗಿ ಅಲ್ಲೇ ಅವರ ಕಣ್ಣು ತುಂಬಿತು.

ಮನೆಗೆ ಬಂದು ಪಾಸ್‌ಪೋರ್ಟನ್ನು ಚೀಲದಲ್ಲಿ ಇದ್ದ ಜಾಗದಲ್ಲೇ ಇಟ್ಟರು. ಕೆಂಪಣ್ಣನವರು ತೆರೆದು ನೋಡಲಿಲ್ಲ. ಕಾಗದ ತೆರೆದು ನೋಡುವ ಅಭ್ಯಾಸ ಅವರಿಗೆ ನೌಕರಿಯಲ್ಲೇ ಇರಲಿಲ್ಲ.

ಸೋಮವಾರ ಅಳಿಯನನ್ನೂ ಕರೆದುಕೊಂಡು ಹೋದರು. ಕಿಟಕಿಯ ಹೆಂಗಸು ಎರಡೂ ಪಾಸ್‌ಪೋರ್ಟ್ ನೋಡಿ, ಅನಸೂಯಮ್ಮನದನ್ನು ಮುಚ್ಚಿ ವಾಪಸು ತಳ್ಳಿ, ಇದು ಆಗಿದೆ ಅಂದಳು. ಕೆಂಪಣ್ಣನವರದನ್ನು ತೆರೆದು, ಎರಡು ದಿನ ಮೀರಿದೆ, ದಂಡ ಕಟ್ಟಿ ದೇಶ ಬಿಡಬೇಕು ಅಂದಳು. ಶನಿವಾರದ ತಾರೀಕು ಹಾಕು ಅಂತ ಹೇಳಪ್ಪ ಅಂತ ಮಾವ ತಿವಿದರೆ, ಸಂಜಯ್ ಮರ್ಯಾದೆಗೆ ಅಂಜಿ ಬಾಯಿ ಬಿಡಲಿಲ್ಲ. ಕಡೆಗೆ ಅವರೇ ಗಾಜಿಗೆ ಮುಖ ಒತ್ತಿ "ಬ್ಯಾಕ್ ಡೇಟ್, ಬ್ಯಾಕ್ ಡೇಟ್" ಅಂದರು. ಆಕೆ ಗೋಡೆಯ ಕ್ಯಾಲೆಂಡರಿನ ಕಡೆ ಕೈ ತೋರಿಸಿ ಮುಂದಿನ ನಂಬರು ಕರೆದಳು.

ಮನೆಗೆ ಬಂದಾಗ ಅನಸೂಯಮ್ಮ ಕಾಲು ಚಾಚಿ ಕೂತು ಮಗುವಿಗೆ ನೀರು ಹಾಕುತ್ತಿದ್ದರು. ಧನ್ಯಾ ಪಕ್ಕದಲ್ಲಿ ಟವಲು ಹಿಡಿದು ನಿಂತಿದ್ದಳು. ಕೆಂಪಣ್ಣನವರು ಬಚ್ಚಲ ಬಾಗಿಲಲ್ಲೇ ಕೂಗಾಡಿದರು.

"ಕದ್ದುಮುಚ್ಚಿ ನಿಂದೊಂದ್ ಮಾಡುಸ್ಕಂಡ್ ಬಂದ್ಬುಟ್ಟಿದ್ದೀಯ! ನಾನೊಬ್ನೇ ಓಗ್ಬೇಕಾ ಈಗ? ಅವತ್ತು ನನ್ನೂ ಒಂದ್ ಮಾತು ಕರೀಬಾರ್ದಾಗಿತ್ತಾ?"

ಅನಸೂಯಮ್ಮ ಮಗುವಿನ ತಲೆಗೆ ಕೊನೆಯ ಚೊಂಬು ಸುರಿದರು, ಕಣ್ಣಿಗೆ ನೀರು ಹೋಗದಂತೆ ಹಣೆಗೆ ಕೈ ಅಡ್ಡ ಹಿಡಿದು.

"ಕರೆಯಾನ ಅಂತ್ಲೇ ಬಂದೆ," ಅಂದರು. "ನೀವು ಸೀಟಲ್ಲಿರ್ಲಿಲ್ಲ."