ಜೇನಿನ ಬಾಟಲಿಯ ಮೇಲಿನ ನಕ್ಷತ್ರ

ಅಡುಗೆಮನೆಯ ಕಪಾಟು ಒರೆಸುವಾಗ ಹಳೆಯ ಜೇನಿನ ಬಾಟಲಿ ಸಿಕ್ಕಿತು. ಜೇನು ತಳದಲ್ಲಿ ಹರಳುಗಟ್ಟಿದೆ. ಮುಚ್ಚಳ ತೆಗೆದರೆ ಅದೇ ಸುಟ್ಟ ಬೆಲ್ಲದಂಥ ವಾಸನೆ... ಮೇಲಿನ ಚೀಟಿಯಲ್ಲಿ ನೀಲಿ ಶಾಯಿಯ ಒಂದು ನಕ್ಷತ್ರ, ಅದರ ಪಕ್ಕ ಒಂದು ಪದ.

ಬರೆದವರು ಕೊಲ್ಲಿ ನಾಡಿನ ಈ ಜಾಬ್ರಿಯಾದಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದ ಸರ್ಬಿಯಾದ ಮಹಿಳೆ. ಹಳೆಯ ಸ್ಲಾವ್ ಭಾಷೆಗಳನ್ನು ಓದಿದ್ದವರು, ಇಲ್ಲಿ ಜೇನಿನ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಶುಕ್ರವಾರ ಬೆಳಗ್ಗೆ ನಮ್ಮಲ್ಲಿಗೆ ಬಂದು ನೀರುದೋಸೆಗೆ ಜೇನು ಸುರಿದುಕೊಂಡು ಪಾಠ ಮಾಡುತ್ತಿದ್ದರು. ಸ್ಲಾವ್ ಭಾಷೆಗಳ ತಾಯಿನುಡಿಯಲ್ಲಿ ಜೇನಿಗೆ *ಮೆದು. ಸಂಸ್ಕೃತದ ಮಧುವಿನ ದಾಯಾದಿ. ಜೇನಿನ ಎನ್ನಲು *ಮೆದೂ, ಜೇನಿಗೆ ಎನ್ನಲು *ಮೆದೊವಿ. ಹೀಗೆ ರೂಪ ಬದಲಿಸುವ ಪದಗಳ ಪುಟ್ಟ ಗುಂಪನ್ನು ದೊಡ್ಡ ಗುಂಪು ನುಂಗಿತು. ಆದರೆ ನುಂಗಿದವರಿಗೇ ಇವುಗಳ ಪ್ರತ್ಯಯ ಅಂಟಿಕೊಂಡಿತು, ನಮ್ಮ ಸರ್ಬಿಯನ್ ಬಹುವಚನಗಳಲ್ಲಿ ಇಂದಿಗೂ ಇದೆ ಎನ್ನುವಾಗ ಅವರ ಮುಖದಲ್ಲಿ ಗೆದ್ದವರ ಕಳೆ. ಆ ತಾಯಿನುಡಿಯನ್ನು ಯಾರೂ ಬರೆದಿಟ್ಟಿಲ್ಲ. ಅದರ ಮಕ್ಕಳನ್ನು ಹೋಲಿಸಿ ಊಹಿಸಿದ್ದು. ಊಹೆ ಎಂದು ತೋರಿಸಲು ಪದದ ಮುಂದೆ ನಕ್ಷತ್ರ.

"ಯಾರೂ ಬರೆಯದ ಪದಕ್ಕೆ ಇಷ್ಟು ಮರ್ಲಾ ಮಾರಾಯ್ತಿ?" ಎಂದು ನನ್ನ ಗಂಡ ಅವರ ಹುಚ್ಚಿಗೆ ನನ್ನ ಬಳಿ ನಗುತ್ತಿದ್ದರು.

ಅಂಗಡಿಯ ಮಾಲೀಕನೇ ಅವರ ಕಫೀಲ್, ವೀಸಾಕ್ಕೆ ಹೊಣೆ ನಿಂತವನು. ಆ ಪದವನ್ನು ಬಾಟಲಿಗಳ ಮೇಲೆ ಅಚ್ಚು ಹಾಕಿಸಲು ಹೊರಟ, ಪ್ರಾಚೀನ ಹಸ್ತಪ್ರತಿಯಲ್ಲಿ ಸಿಕ್ಕ ಪದ ಎಂದು. ನಕ್ಷತ್ರ ಮಾತ್ರ ಬೇಡ, ಕಂಡರೆ ಗಿರಾಕಿಗಳು ಷರತ್ತುಗಳು ಅನ್ವಯ ಎಂದುಕೊಳ್ಳುತ್ತಾರಂತೆ. ಇವರು ಒಪ್ಪಲಿಲ್ಲ. ಒಪ್ಪದಿದ್ದರೆ ಕೆಲಸವಿಲ್ಲ ಎಂದ. ಇಲ್ಲಿರಲು ಬೇಕಾದ ಪರವಾನಗಿ, ಇಕಾಮಾ, ಮುಗಿಯಲು ಒಂದೇ ತಿಂಗಳಿತ್ತು. ಅಷ್ಟು ಸಣ್ಣ ಗುರುತು, ಬಿಟ್ಟುಬಿಡಿ ಎಂದು ನಾನೂ ಬೇಡಿಕೊಂಡೆ.

*"ಸಿಗದೇ ಇದ್ದದ್ದನ್ನು ಸಿಕ್ಕಿತು ಅಂತ ನಾನು ಹೇಳುವುದಿಲ್ಲ. ಇಕಾಮಾ ಖಲಾಸ್ ಆದರೆ ಆಗಲಿ."

ಹೀಗೇ ಅಂದರೇ? ನಾವು ಮಾತಾಡಿದ್ದು ಇಂಗ್ಲಿಷಿನಲ್ಲಿ. ಇಷ್ಟು ವರ್ಷಗಳ ಮೇಲೆ ಈ ಧೈರ್ಯದ ಮಾತು ಅವರದೋ, ಅವರ ಬಾಯಲ್ಲಿ ನಾನಿಟ್ಟದ್ದೋ... ನಕ್ಷತ್ರ ಬಿಡಲು ಒಪ್ಪಲಿಲ್ಲ ಎಂಬುದಷ್ಟೇ ಖಚಿತ. ಇಕಾಮಾ ನವೀಕರಣವಾಗಲಿಲ್ಲ. ಹೊರಡುವ ಬೆಳಗ್ಗೆ ಈ ಬಾಟಲಿ ಕೊಟ್ಟು ಹೋದರು. ಅವರ ನಂಬರು ಈಗ ಬೇರೆ ಯಾರದೋ.

ನಿನ್ನೆ ಈ ಬರಹ ಓದಿದ ಗಂಡ, ಮಾತಿನ ಮುಂದಿನ ಆ ಗುರುತು ತೆಗಿ, ನಿನಗೇ ನಂಬಿಕೆ ಇಲ್ಲ ಎಂದು ಓದಿದವರು ಅಂದುಕೊಳ್ಳುತ್ತಾರೆ ಎಂದರು. ಎಂದುಕೊಳ್ಳಲಿ. ಒಪ್ಪಿಬಿಡಿ ಎಂದು ಒಮ್ಮೆ ಬೇಡಿಕೊಂಡವಳು ನಾನು. ಎರಡನೆಯ ಸಲ ಆ ತಪ್ಪು ಮಾಡುವುದಿಲ್ಲ. ನಕ್ಷತ್ರ ಅಲ್ಲೇ ಇರುತ್ತದೆ.

ಅವರು ಹೋದರು ಎಂಬ ವಾಕ್ಯಕ್ಕೆ ಮಾತ್ರ ಅದು ಬೇಕಿಲ್ಲ.