ಪಟ್ಟಿ ಸುತ್ತಿದ ದುರ್ಬೀನು

ಬಲಗಣ್ಣಿನ ಕೊಳವೆಯ ತುದಿಗೆ ಒಂದು ಬೇರೆ ಬಳೆ. ಅದರ ನಡುವೆ ಒಂದು ಸೊನ್ನೆ, ಆಚೆ ಕೂಡಿಸುವ ಗುರುತು, ಈಚೆ ಕಳೆಯುವ ಗುರುತು. ಬೆರಳಿಟ್ಟು ತಿರುಗಿಸಿದರೆ ತುಸು ಬಿಗಿಯಾಗಿ, ಹೊಸ ಡಬ್ಬಿಯ ಮುಚ್ಚಳದ ಹಾಗೆ ತಿರುಗುತ್ತದೆ.

ಕಳೆದ ತಿಂಗಳು ನಾನು ಇಂಟರ್‌ನೆಟ್ಟಿನಲ್ಲಿ ತರಿಸಿದ ದುರ್ಬೀನಿನ ಬಳೆ ಅದು. ಚಳಿಗಾಲದಲ್ಲಿ ಮಲಪ್ರಭೆಯ ಹಿನ್ನೀರಿಗೆ ಎಲ್ಲಿಂದಲೋ ಬಾತುಗಳು ಬರುತ್ತವೆ. ಮುನವಳ್ಳಿಯ ನಮ್ಮ ಮನೆಯಿಂದ ಅವು ನೀರಿನ ಮೇಲೆ ಚೆಲ್ಲಿದ ಎಳ್ಳಿನಂತೆ ಕಾಣುತ್ತವೆ. ಅವನ್ನು ಹತ್ತಿರದಿಂದ ನೋಡಬೇಕೆಂಬ ಆಸೆ ಹಳೆಯದು. ಸೀರೆ ಕೊಳ್ಳಲು ಅಂಗಡಿಯ ಮೆಟ್ಟಿಲು ಹತ್ತಿ ಇಳಿಯುವಷ್ಟು ಹೊತ್ತನ್ನಷ್ಟೇ ತೆಗೆದುಕೊಳ್ಳುವ ನಾನು, ಈ ದುರ್ಬೀನಿಗಾಗಿ ಬೈಲಹೊಂಗಲದ ಇಂಟರ್‌ನೆಟ್ ಸೆಂಟರಿನಲ್ಲಿ ವಾರಗಟ್ಟಲೆ ಕೂತೆ. ಗಾಜು ಯಾವುದು, ಲೇಪ ಎಂಥದು, ಕೊಂಡವರು ಏನು ಹೇಳಿದ್ದಾರೆ ಎಂದು ಓದಿದೆ. ಸೆಂಟರಿನವರು ನನ್ನನ್ನು ಯಾವುದೋ ದೊಡ್ಡ ಪರೀಕ್ಷೆಗೆ ಓದುತ್ತಿರುವವಳು ಎಂದುಕೊಂಡಿದ್ದರು. ನಾನು ಅವರ ಗೌರವವನ್ನು ಕೆಡಿಸಲು ಹೋಗಲಿಲ್ಲ.

ಅಪ್ಪನಿಗೆ ಇದು ಹಿಡಿಸಿರಲಿಲ್ಲ. ಅವರದು ಮುನವಳ್ಳಿ ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ. "ಅಂಗಡ್ಯಾಂವ ಅಂದ್ರ ಎದುರಿಗಿರಬೇಕು ತಂಗಿ. ನಾಳಿ ಮಾಲ್ ಕೆಟ್ಟರ ಯಾರಿಗೆ ಬೈತಿ? ಕಂಪ್ಯೂಟರಿಗೆ ಬೈತಿ?" ಎಂದಿದ್ದರು. "ಅದೂ ಅಲ್ದ ಮನ್ಯಾಗ ಒಂದು ಇದ್ದಿದ್ದ ಐತಿ."

ಮನೆಯಲ್ಲಿದ್ದದ್ದು ನಾನು ಹೈಸ್ಕೂಲಿನಲ್ಲಿದ್ದಾಗ ಬಂದದ್ದು. ಅಪ್ಪ ಅದನ್ನು ಕೊಂಡದ್ದು ಬಾತು ನೋಡಲಿಕ್ಕಲ್ಲ, ಆಯಿಗೆ ಅವಳ ತವರು ತೋರಿಸಲಿಕ್ಕೆ.

ಆಯಿ ಎಂದರೆ ಅಪ್ಪನ ತಾಯಿ. ಅವಳು ಹುಟ್ಟಿದ ಊರು ಅಣೆಕಟ್ಟೆಯ ನೀರಿನಲ್ಲಿ ಮುಳುಗಿತ್ತು. ಪಂಚಮಿಗೆ ತವರಿಗೆ ಹೋಗುವುದು ನಮ್ಮ ಕಡೆಯ ಹೆಣ್ಣುಮಕ್ಕಳು ಯಾರಿಗೂ ಬಿಟ್ಟುಕೊಡದ ಹಕ್ಕು. ಆದರೆ ಪಂಚಮಿಯ ಹೊತ್ತಿಗೆ ಹೊಳೆ ತುಂಬಿ ಆಯಿಯ ಊರು ನೀರಿನಡಿ ಇರುತ್ತಿತ್ತು. ಹಾಗಾಗಿ ಅವಳು ತನ್ನ ಪಂಚಮಿಯನ್ನು ಬೇಸಿಗೆಗೆ ತಂದುಕೊಂಡಿದ್ದಳು. ನೀರು ಇಳಿದು ಊರ ಹೆಬ್ಬಾಗಿಲ, ಅಂದರೆ ಅಗಸಿಯ, ಕಲ್ಲು ತಲೆಯೆತ್ತಿತೆಂಬ ಸುದ್ದಿ ಬಂದರೆ ಸಾಕು, ಶೇಂಗಾ ಉಂಡಿ, ಅಳ್ಳಿಟ್ಟು ಕಟ್ಟಿಕೊಂಡು ದಂಡೆಗೆ ಹೊರಡುವುದು. ಮುಂದೆ ಹೋಗಲು ಆಗುತ್ತಿರಲಿಲ್ಲ, ಮೊಣಕಾಲುದ್ದ ರಾಡಿ, ಅದರಾಚೆ ನೀರು. ದಂಡೆಯಲ್ಲೇ ಕೂತು ಊರಿನ ದಿಕ್ಕಿಗೆ ನೋಡಿ, ಉಂಡಿ ತಿಂದು ಬರುವುದು. ಆಯಿಯ ಕಣ್ಣಿಗೆ ಆ ದೂರ ದಾಟುವ ಶಕ್ತಿ ಹೋಗಿತ್ತು. ದಪ್ಪ ಕನ್ನಡಕ ಹಾಕಿಕೊಂಡರೂ ಅವಳಿಗೆ ಅಲ್ಲಿ ಬರೀ ಬಿಳುಪು.

ಅಪ್ಪ ನನ್ನನ್ನೂ ಕರೆದುಕೊಂಡು ಬೈಲಹೊಂಗಲಕ್ಕೆ ಹೋಗಿ, ಗಡಿಯಾರ ಮತ್ತು ಕನ್ನಡಕದ ಅಂಗಡಿಯೊಂದರಲ್ಲಿ ದುರ್ಬೀನು ಆರಿಸಿದರು. ಅದನ್ನು ಕಿವಿಯ ಹತ್ತಿರ ಹಿಡಿದು ತೆಂಗಿನಕಾಯಿಯಂತೆ ಅಲುಗಾಡಿಸಿದರು. ಮೂಸಿದರು. ಆಮೇಲೆ ಅಂಗಡಿಯ ಕಟ್ಟೆಯ ಮೇಲೆ ನಿಂತು ದೂರದ ನೀರಿನ ಟಾಕಿಯ ಕಡೆಗೆ ಹಿಡಿದರು. ಅಂಗಡಿಯವರು ನಡುವಿನ ಗಾಲಿಯನ್ನೂ ಬಲಗಡೆಯ ಬಳೆಯನ್ನೂ ತಿರುವುತ್ತ, "ಈಗ ಹೆಂಗೈತ್ರಿ ಸಾಹುಕಾರ್ರ?" ಎನ್ನುತ್ತಿದ್ದರು.

"ಇನ್ನಷ್ಟು... ಇನ್ನಷ್ಟು... ಹಾಂ, ನಿಂದ್ರಸ್ರಿ! ಟಾಕಿ ಮ್ಯಾಲಿನ ಕಾಗಿ ಕಾಣಾಕ ಹತ್ತೇತಿ!"

"ಆತು, ಸೆಟ್ ಆತ್ರಿ. ಕಣ್ಣಿಗೆ ಚಾಳೀಸ ಹಾಕ್ಕೊಳ್ಳವರು ಅದನ್ನ ತಗದು ನೋಡಬೇಕು."

ಸರಿಹೋದದ್ದನ್ನು ಯಾರೂ ಮುಟ್ಟಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ರೇಡಿಯೋದ ಮುಳ್ಳು ಧಾರವಾಡದ ಮೇಲೆ ನಿಂತಿತ್ತು, ಅದರ ಗುಂಡಿಗೆ ವೈರಿಗೆ ಸುತ್ತುವ ಕರಿ ಪಟ್ಟಿ. ಹೊಲಿಗೆ ಯಂತ್ರದ ತಿರುಪಿಗೆ ಪಟ್ಟಿ. ಇಸ್ತ್ರಿ ಪೆಟ್ಟಿಗೆಗೂ ಪಟ್ಟಿ, ಅಪ್ಪನ ಧೋತರಕ್ಕೆ ಹೊಂದುವ ಬಿಸಿಯಲ್ಲಿ. ನನ್ನ ಒಂದೇ ಒಂದು ನೈಲಾನ್ ಓಢಣಿ ಆ ಶಿಸ್ತಿಗೆ ಬಲಿಯಾಯಿತು. ಅಂದು ಸಂಜೆಯೇ ಅಪ್ಪ ದುರ್ಬೀನಿನ ಗಾಲಿಗೂ ಬಳೆಗೂ ಅದೇ ಪಟ್ಟಿಯನ್ನು ಬಿಗಿಯಾಗಿ ಸುತ್ತಿದರು.

ಆ ಬೇಸಿಗೆ ದಂಡೆಯ ಮೇಲೆ ಆಯಿ ಕನ್ನಡಕ ತೆಗೆದು ಅವ್ವನ ಕೈಗೆ ಕೊಟ್ಟಳು. ಅಪ್ಪ ಹಿಂದೆ ನಿಂತು ದುರ್ಬೀನನ್ನು ಅವಳ ಕಣ್ಣಿಗೆ ಹಿಡಿದರು. ಬಿಸಿಲಿಗೆ ಅವರ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಆಯಿ ತಾನೂ ಬೆರಳಿಟ್ಟು ಹಿಡಿದು, ಅದನ್ನು ಮೆಲ್ಲಗೆ ಆಚೆ ಈಚೆ ಹೊರಳಿಸಿದಳು.

"ಯವ್ವಾ, ಕಂಡತೇನ?"

"ಕಂಡತಪಾ," ಎಂದಳು. "ಅಗಸಿ ಕಂಡತು. ಹನಮಪ್ಪನ ಗುಡಿ ಕಂಡತು. ನಮ್ಮ ಮನಿ ಮುಂದಿನ ಬೇವಿನ ಗಿಡಾ ಸೈತ."

"ಅತ್ಯಾರ, ನಿಮ್ಮವ್ವ ರೊಟ್ಟಿ ಬಡ್ಯಾಕ ಹತ್ಯಾರೇನು, ಅದನ್ನೂ ಅಷ್ಟು ನೋಡ್ರಿ," ಎಂದು ಅವ್ವ ಚೇಷ್ಟೆ ಮಾಡಿದಳು.

"ಹತ್ಯಾಳ. ನಿನ್ನಂಗ ಮನಿ ತುಂಬ ಹೊಗಿ ಎಬ್ಬಿಸಿಲ್ಲ."

ಎಲ್ಲರೂ ನಕ್ಕೆವು. ಅಪ್ಪನ ಮುಖ ನೋಡಬೇಕಿತ್ತು ನೀವು. ಆಮೇಲೆ ನಾನೂ ನೋಡಿದೆ. ನನ್ನ ಎಳೆಯ ಕಣ್ಣಿಗೆ ಎಲ್ಲವೂ ಚೆನ್ನಾಗಿಯೇ ಕಂಡಿತು: ಅಗಸಿಯ ಎರಡು ಕಂಬ, ಗುಡಿಯ ಕಟ್ಟೆ, ಒಡೆದ ರಾಡಿ. ಬೇವಿನ ಗಿಡ ಇರಲಿಲ್ಲ. ಅಷ್ಟು ವರ್ಷ ನೀರಿನಲ್ಲಿ ಮುಳುಗಿದ ಊರಿನಲ್ಲಿ ಗಿಡ ಎಲ್ಲಿಂದ ಬರಬೇಕು? ವಯಸ್ಸಾದವರ ಮಾತು ಎಂದುಕೊಂಡೆ. ಮುಂದಿನ ಬೇಸಿಗೆಗಳಲ್ಲಿ ಆಯಿ ಇನ್ನೂ ಏನೇನೋ ಕಂಡಳು. ಒಮ್ಮೆ ಆ ಗಿಡಕ್ಕೆ ಕಟ್ಟಿದ ಜೋಕಾಲಿಯೂ ಕಂಡಿತು. ನಾನು ವಿಶ್ವವಿದ್ಯಾಲಯ ಸೇರಿದ ವರ್ಷ ಆಯಿ ತೀರಿಕೊಂಡಳು.

ಈಗ ಹೊಸ ದುರ್ಬೀನಿಗೆ ಬರುತ್ತೇನೆ. ಕೊರಿಯರಿನವರು ಬೈಲಹೊಂಗಲಕ್ಕಷ್ಟೇ ತಲುಪಿಸುತ್ತಾರೆ. ಅಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತ ರೂಮು ಮಾಡಿಕೊಂಡಿರುವ ನಾನು ಅದನ್ನು ಒಂದು ರವಿವಾರ ಊರಿಗೆ ಒಯ್ದೆ. ಪಡಸಾಲೆಯಲ್ಲಿ ಕೂತು, ಜೊತೆಗೆ ಬಂದ ಹಾಳೆಯನ್ನು ಮೊದಲ ಸಾಲಿನಿಂದ ಓದಿದೆ. ಹಾಗೆ ಓದುವವಳು ನಾನೊಬ್ಬಳೇ ಇರಬೇಕು. ಪ್ರತಿಯೊಬ್ಬರೂ ತಮ್ಮ ಕಣ್ಣಿಗೆ ಹೊಸದಾಗಿ ಹೊಂದಿಸಿಕೊಳ್ಳಬೇಕು ಎಂದಿತ್ತು. ಮೊದಲು ಎಡಗಣ್ಣಿನಲ್ಲಿ ನೋಡುತ್ತ ಗಾಲಿ, ಆಮೇಲೆ ಬಲಗಣ್ಣಿನಲ್ಲಿ ನೋಡುತ್ತ ಬಳೆ. ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ, ಅದರಲ್ಲೂ ಕನ್ನಡಕ ತೆಗೆದು ನೋಡುವವರಿಗೆ, ಮಸುಕಾಗುತ್ತದೆ.

ಹಾಳೆ ಕೈಯಲ್ಲೇ ಉಳಿಯಿತು. ಆಯಿ ಕನ್ನಡಕ ತೆಗೆದು ನೋಡಿದ್ದು ಅಪ್ಪನ ಕಣ್ಣಿಗೆ ಹೊಂದಿಸಿ ಪಟ್ಟಿ ಸುತ್ತಿದ ದುರ್ಬೀನಿನಲ್ಲಿ. ಅವಳಿಗೆ ಅಗಸಿ ಕಂಡಿರಲಿಲ್ಲ, ಗುಡಿಯೂ ಕಂಡಿರಲಿಲ್ಲ. ಬಿಸಿಲಿನಲ್ಲಿ ನಿಂತ ಮಗನಿಗಾಗಿ ಅವಳು ನೆನಪಿನ ಊರನ್ನು ಒಂದೊಂದಾಗಿ ಹೇಳಿದ್ದಳು. ಗಾಲಿಯನ್ನು ತುಸು ತಿರುವಿದ್ದರೆ ನಿಜವಾದ ಊರು ಕಾಣುತ್ತಿತ್ತು. ಆ ಗಾಲಿ ಅವಳ ಬೆರಳ ಕೆಳಗೇ ಇತ್ತು.

ಅಷ್ಟರಲ್ಲಿ ಅಪ್ಪ ಹಳೆಯ ದುರ್ಬೀನನ್ನು ಕೊರಳಿಗೆ ಹಾಕಿಕೊಂಡು ಬಂದರು. "ಕೊಡಿಲ್ಲೆ, ನಿನ್ನ ಕಂಪ್ಯೂಟರ್ ಮಾಲ್ ನೋಡೂನು," ಎಂದು ಹೊಸದನ್ನು ತೆಗೆದುಕೊಂಡರು. ಆಗಷ್ಟೇ ನನ್ನ ಕಣ್ಣಿಗೆ ಹೊಂದಿಸಿದ್ದೆ. ಅವರು ಕಿಟಕಿಯಾಚೆ ನೋಡಿ ಮುಖ ಸಿಂಡರಿಸಿದರು.

"ಏನೂ ಕಾಣವಲ್ದು! ಎಲ್ಲಾ ಮಬ್ಬ ಐತಿ."

ನಾನು ಕೈ ಚಾಚಿದೆ. ಬೆರಳು ಬಳೆಯ ಮೇಲಿತ್ತು. ತಿರುವಿ ಕೊಟ್ಟರೆ ಅವರಿಗೆ ಕಾಣುತ್ತದೆ. ಕಂಡ ಮೇಲೆ ಅಪ್ಪ ಕೇಳುವ ಪ್ರಶ್ನೆ ಒಂದೇ: ಹಂಗಾದ್ರ ನಮ್ಮವ್ವಗ ಹೆಂಗ ಕಂಡಿತ್ತು? ಅಂಗಡಿಗೆ ಬಂದವರಿಗೆಲ್ಲ ಅವರು ಈಗಲೂ ಹೇಳುತ್ತಾರೆ: "ನಮ್ಮವ್ವಗ ಸಾಯೂದ್ರೊಳಗ ಆಕಿ ತವರುಮನಿ ತೋರಿಸೀನಿ." ಅವರ ಜೀವನದಲ್ಲಿ ಇಷ್ಟು ಹೆಮ್ಮೆಯಿಂದ ಹೇಳುವ ಇನ್ನೊಂದು ಮಾತನ್ನು ನಾನು ಕೇಳಿಲ್ಲ.

"ಹೌದ್ರಿ ಅಪ್ಪಾ, ಮಬ್ಬೈತಿ," ಎಂದೆ.

"ನೋಡಿದ್ಯಾ?" ಪೆಟ್ಟಿಗೆಯೊಳಗಿನ ಸಣ್ಣ ಚೀಟಿಯನ್ನು ಎತ್ತಿ ಅವ್ವನಿಗೆ ತೋರಿಸಿದರು. "ಪರೀಕ್ಷಾ ಮಾಡೇವಿ ಅಂತ ಸಹಿ ಬ್ಯಾರೆ ಮಾಡ್ಯಾರ! ನಾ ತಂದದ್ದು ನೋಡು, ನಮ್ಮವ್ವಗ ಬೇವಿನ ಗಿಡಾ ಸೈತ ಕಂಡಿತ್ತು. ಹೊಳ್ಳಿ ಕಳಸಿಬಿಡು ತಂಗಿ."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬೈಲಹೊಂಗಲಕ್ಕೆ ಬಂದು, ಕೊರಿಯರ್ ಕಚೇರಿಯ ಬಾಗಿಲು ತೆರೆಯುವವರೆಗೆ ಕಟ್ಟೆಯ ಮೇಲೆ ಕೂತೆ. ವಾಪಸು ಕಳಿಸಲು ಕಾರಣ ಬರೆಯಬೇಕಿತ್ತು. ಎಲ್ಲಿಯೋ ಕೂತು ಸರಿಯಾಗಿ ಪರೀಕ್ಷಿಸಿ ಸಹಿ ಹಾಕಿದವರಿಗೆ ನನ್ನಿಂದ ಬೈಗುಳ ಬೇಡವೆಂದು, 'ವಸ್ತುವಿನಲ್ಲಿ ದೋಷವಿಲ್ಲ' ಎಂದು ಬರೆದೆ.

ಕಚೇರಿಯಾತ ಓದಿ ತಲೆಯೆತ್ತಿದ. "ದೋಷ ಇಲ್ಲಂದ್ರ ಯಾಕ ಹೊಳ್ಳಿ ಕಳಸ್ತೀರಿ ಮೇಡಂ?"

"ಮನ್ಯಾಗ ಒಂದೈತ್ರಿ," ಎಂದೆ.