ಅತ್ತೆಯ ಅರ್ಧ, ಅಮ್ಮನ ಅರ್ಧ

ಅತ್ತೆಯ ಉಗುರುಗಳು ನೀಲಿಯಾಗಿದ್ದವು. ಬಣ್ಣ ಹಚ್ಚಿಕೊಂಡದ್ದಲ್ಲ, ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುವವರ ಉಗುರೆಲ್ಲ ಹಾಗೆಯೇ. ಹೊಸ ಬಟ್ಟೆಯ ನೀಲಿ ಮೊದಲು ಬೆರಳ ತುದಿಗೆ ಹತ್ತುತ್ತದೆ, ಆಮೇಲೆ ಉಗುರಿನ ಸಂದಿಗೆ ಇಳಿದು ಅಲ್ಲೇ ಉಳಿದುಬಿಡುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗದು. ಅವರು ಅನ್ನ ಕಲಸುವಾಗ ನಾನು ಆ ಬೆರಳುಗಳನ್ನೇ ನೋಡುತ್ತಿದ್ದರೆ, "ಏನ್ ನೋಡ್ತಿ, ತಿನ್ನು. ಹೊಟ್ಟಿ ನೀಲಿ ಆಗಂಗಿಲ್ಲ" ಅನ್ನುತ್ತಿದ್ದರು.

ಅವರು ಅಪ್ಪನ ಅಕ್ಕ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಅಪ್ಪ ಓಬಳಾಪುರದ ಕಡೆ ಲಾರಿ ಓಡಿಸುತ್ತಿದ್ದರು, ಮನೆಗೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಮನೆಯೆಂದರೆ ಅತ್ತೆ, ಅಮ್ಮ ಮತ್ತು ನಾನು. ಪಡಸಾಲೆಯಲ್ಲಿ ಎದುರುಬದುರಾಗಿ ಕಾಲಲ್ಲಿ ತುಳಿಯುವ ಎರಡು ಮಿಷನ್. ಬಟ್ಟೆ ಕತ್ತರಿಸುವ ಮಾಸ್ಟರ್ ಬಂಡಲ್ ತಂದು ಹಾಕಿದರೆ ಅತ್ತೆ ಪಕ್ಕಗಳನ್ನು ಕೂಡಿಸುವರು, ಅಮ್ಮ ಜೇಬು ಹಚ್ಚುವಳು.

ಅತ್ತೆಗೆ ಗಡಿಯಾರ ಬೇಕಿರಲಿಲ್ಲ. ಎರಡು ಹಾಡಿಗೆ ಒಂದು ಪ್ಯಾಂಟ್ ಮುಗಿಯಬೇಕು. ಅನ್ನಕ್ಕೆ ಇಟ್ಟರೆ ಮೂರು ಹಾಡು. ಎಲ್ಲ ಹಳೆಯ ಸಿನಿಮಾ ಹಾಡುಗಳೇ. ಅದರಲ್ಲೂ ಒಂದು ಹಾಡೆಂದರೆ ಇಬ್ಬರಿಗೂ ಪ್ರಾಣ. ಆ ಸಿನಿಮಾ ಕನ್ನಡದಲ್ಲೂ ತೆಲುಗಿನಲ್ಲೂ ಬಂದಿತ್ತು. ಧಾಟಿ ಒಂದೇ, ಮಾತು ಬೇರೆ. ಅತ್ತೆ ಬಳ್ಳಾರಿಯ ಟಾಕೀಸಿನಲ್ಲಿ ಕನ್ನಡದ್ದು ನೋಡಿದ್ದರು. ಅಮ್ಮ ತೆಲುಗು ಮನೆಯ ಹುಡುಗಿ, ನೋಡಿದ್ದು ತೆಲುಗಿನದ್ದು. ಯಾವುದು ಚೆನ್ನ ಎಂಬ ಜಗಳದಲ್ಲಿ ಇಬ್ಬರೂ ಸೋಲಲು ತಯಾರಿಲ್ಲ. ಕೊನೆಗೆ ಒಂದು ಸಾಲು ಅತ್ತೆ ಕನ್ನಡದಲ್ಲಿ, ಮುಂದಿನ ಸಾಲು ಅಮ್ಮ ತೆಲುಗಿನಲ್ಲಿ ಎಂದು ರಾಜಿಯಾಯಿತು.

ಪಲ್ಲವಿ ದಾಟಿದರೆ ಅಮ್ಮನಿಗೆ ಸಿನಿಮಾದ ಮಾತು ನೆನಪಿರುತ್ತಿರಲಿಲ್ಲ. ಅಷ್ಟಕ್ಕೆ ಬಿಡುವವಳೇ? ಮನೆಯ ಸುದ್ದಿಯನ್ನೇ ಧಾಟಿಗೆ ಕೂಡಿಸಿಬಿಡುತ್ತಿದ್ದಳು. ಅತ್ತೆ ಬೆಳದಿಂಗಳು, ವಿರಹ ಎಂದು ರಾಗ ಎಳೆದು ನಿಲ್ಲಿಸಿದರೆ, ಅಮ್ಮ ಅಷ್ಟೇ ಗಂಭೀರವಾಗಿ "ದಾರಂ ತೆಗಿಂದಿ ವದಿನಾ..." ಎಂದು ಎತ್ತಿಕೊಳ್ಳುವಳು. ದಾರ ಹರಿಯಿತು ಅತ್ತಿಗೆ, ಎಂದು. ಒಮ್ಮೆ ಹೀಗೆ ನಗುತ್ತ ನಗುತ್ತ ಇಬ್ಬರೂ ಒಂದು ಬಂಡಲ್ ಪ್ಯಾಂಟುಗಳಿಗೆ ಜೇಬನ್ನು ಒಳಮುಖವಾಗಿ ಹಚ್ಚಿಬಿಟ್ಟರು. ಮಾಸ್ಟರ್ ತಲೆ ಮೇಲೆ ಕೈ ಹೊತ್ತು ಕೂತಾಗ ಅತ್ತೆ, "ಸಿಟ್ಟಾಗಬ್ಯಾಡ್ರಿ, ಒಳಗ ಇದ್ರ ಕಳ್ಳರ ಕೈಗೆ ಸಿಗಂಗಿಲ್ರಿ" ಎಂದರಂತೆ. ಆ ಕಥೆಯೂ ಮರುದಿನದಿಂದ ಅಮ್ಮನ ಸಾಲಿಗೆ ಸೇರಿತು. ನನ್ನ ಹೆಸರೂ ಅದರಲ್ಲೆಲ್ಲೋ ಇತ್ತು ಎಂದು ಅತ್ತೆ ಹೇಳುತ್ತಿದ್ದರು.

ನನಗೆ ಐದು ವರ್ಷವಿದ್ದಾಗ ಅಮ್ಮ ಕಾಮಾಲೆಯಲ್ಲಿ ತೀರಿಕೊಂಡಳು. ತಿಂಗಳೊಪ್ಪತ್ತು ಪಡಸಾಲೆಯಲ್ಲಿ ಸದ್ದಿಲ್ಲ. ಆಮೇಲೊಂದು ಮಧ್ಯಾಹ್ನ ಶಾಲೆಯಿಂದ ಬರುವಾಗ ಹಾಡು ಕೇಳಿಸಿತು, ಕನ್ನಡದ ಸಾಲೂ ತೆಲುಗಿನ ಸಾಲೂ. ಚೀಲ ಎಸೆದು ಒಳಗೆ ಓಡಿದೆ. ಅತ್ತೆ ಒಬ್ಬರೇ ಕೂತಿದ್ದರು. ತಮ್ಮ ಸಾಲನ್ನು ತಮ್ಮ ದನಿಯಲ್ಲಿ, ಅಮ್ಮನ ಸಾಲನ್ನು ಕೊಂಚ ತೆಳ್ಳಗೆ ಮಾಡಿ ಹಾಡುತ್ತಿದ್ದರು. "ಬಾ ಯವ್ವಾ. ನಿಮ್ಮವ್ವನ ಪಾಲು ಯಾರರ ಹಾಡಬೇಕಲ್ಲ" ಎಂದರು. ಅಮ್ಮನ ಮುಖ ನನಗೆ ಒಂದು ಫೋಟೋದಿಂದ ಗೊತ್ತು. ದನಿ ಗೊತ್ತಿರುವುದು ಅತ್ತೆಯ ಆ ತೆಳ್ಳನೆಯ ಸಾಲಿನಿಂದ ಮಾತ್ರ.

ಕೆಲವು ವರ್ಷಕ್ಕೆ ಮೋಟಾರಿನ ದೊಡ್ಡ ಮಿಷನ್ ಬಂತು. ಹಳೆಯವು ಅಟ್ಟ ಸೇರಿದವು. ಮೋಟಾರಿನ ಅಬ್ಬರದಲ್ಲಿ ಅತ್ತೆಯ ತುಟಿ ಆಡುವುದು ಕಾಣುತ್ತಿತ್ತೇ ಹೊರತು ಹಾಡು ಕೇಳಿಸುತ್ತಿರಲಿಲ್ಲ. ನನಗೂ ಬೆಳೆದ ಹುಡುಗಿಯ ಸೊಕ್ಕು. ಹತ್ತಿರ ಕೂತು ಕೇಳಬೇಕೆಂದು ಅನ್ನಿಸಲಿಲ್ಲ.

ಮದುವೆಯಾಗಿ ಅಗಳಿ ಎಂಬ ಊರಿಗೆ ಬಂದೆ. ಮಡಕಶಿರಾದ ಮಂಡಲ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ. ಜಾತಿ ಸರ್ಟಿಫಿಕೇಟ್ ಟೈಪ್ ಮಾಡುವಾಗ, ಬಸ್ಸಿನ ಕಂಬಿ ಹಿಡಿದು ನಿಂತಾಗ, ಎಲ್ಲೆಂದರಲ್ಲಿ ಆ ಹಾಡು ತಲೆಯೊಳಗೆ ಶುರುವಾಗುತ್ತದೆ. ಅತ್ತೆಯ ಸಾಲುಗಳು ಪೂರ್ತಿ ಬರುತ್ತವೆ. ಅಮ್ಮನದು ಬಂದರೆ ಮೂರು ಪದ, ಆಮೇಲೆ ಬರೀ ಲಲಲಾ. "ಅದೇನ್ ಹಾಡಮ್ಮಿ ನಿಂದು, ಅರ್ಧಕ್ಕೇ ಪಂಚರ್ ಆಗ್ತದೆ" ಎಂದು ನನ್ನ ಗಂಡ ರೇಗಿಸುತ್ತಾರೆ. ಫೋನಿನಲ್ಲಿ ಹುಡುಕಿದೆ. ಸಿನಿಮಾದ ಹಾಡು ಎರಡು ಭಾಷೆಯಲ್ಲೂ ಸಿಕ್ಕಿತು. ಅದರಲ್ಲಿ ಅಮ್ಮ ಎಲ್ಲಿರುತ್ತಾಳೆ?

ಕಳೆದ ಸಂಕ್ರಾಂತಿಗೆ ರಾಯದುರ್ಗಕ್ಕೆ ಹೋದಾಗ ಅತ್ತೆಯ ಮುಂದೆ ಫೋನ್ ಇಟ್ಟು, ಹಾಡಿ, ರೆಕಾರ್ಡ್ ಮಾಡಿಕೊಳ್ಳುತ್ತೇನೆ ಎಂದೆ. ಎರಡು ಸಾಲಿಗೇ ತಡವರಿಸಿದರು. "ಸುಮ್ನ ಕುಂತ್ರ ಬರಂಗಿಲ್ಲವ್ವಾ. ಕಾಲು ಆಡಿದ್ರ ಬಾಯಿ ಆಡತೈತಿ." ಮಿಷನ್ ಓಡಿಸುತ್ತ ಹಾಡಿದರು, ಪೂರ್ತಿ ಹಾಡಿದರು. ಫೋನಿನಲ್ಲಿ ಉಳಿದದ್ದು ಮೋಟಾರಿನ ಗುರ್ ಎಂಬ ಸದ್ದಷ್ಟೇ. ಆಗ ಅವರಿಗೇ ಹೊಳೆಯಿತು. "ಅಟ್ಟದಾಗಿನ ಹಳೀ ಮಿಷನ್ ಇಳಸು. ಅದನ್ನ ತುಳೀತಾ ಹಾಡ್ತೀನಿ, ನೀ ಬರ್ಕೋ." ನಾನು ಬಸ್ಸಿನ ಟೈಮ್ ನೋಡಿಕೊಂಡೆ. ಯುಗಾದಿಗೆ ಬರ್ತೀನಲ್ಲ ಅತ್ತಿ, ಆಗ ಇಳಿಸೋಣ ಎಂದೆ. "ಮರೀಬ್ಯಾಡ ಮತ್ತ" ಎಂದು ಬಾಗಿಲವರೆಗೂ ಬಂದರು. ಅರ್ಧ ಗಂಟೆಯ ಕೆಲಸವಾಗಿತ್ತು ಅದು. ಮುಂದಿನ ಬಸ್ಸೂ ಇತ್ತು. ನನಗೆ ನನ್ನ ಮೇಲೆ ಬರುವ ಸಿಟ್ಟಿಗೆ ಹೆಸರಿಲ್ಲ.

ಯುಗಾದಿಗೆ ಮೂರು ವಾರ ಇರುವಾಗ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಬಾಯಲ್ಲಿ ನೀರು, ಬೇಡ, ಬಾ ಎಂಬಂಥ ಬೆರಳೆಣಿಕೆಯ ಮಾತು ಉಳಿಯಿತು. ಮಾತು ಹೋದವರಿಗೂ ಕೆಲವೊಮ್ಮೆ ಹಾಡು ಉಳಿದಿರುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಅಪ್ಪನನ್ನು ಕೇಳಿದೆ, ಹಾಡಿನಲ್ಲಿ ಅಮ್ಮನ ಸಾಲಿನ ಮಾತು ನಿಮಗೇನಾದರೂ ನೆನಪಿದೆಯಾ ಎಂದು. ಅವರು ಮುಖ ಆಚೆ ತಿರುಗಿಸಿ, "ನಾ ಮನ್ಯಾಗ ಯಾವಾಗಿದ್ನೆವ್ವಾ ಕೇಳಾಕ" ಎಂದರು.

ಹಳೆಯ ಮಿಷನ್ ಇಳಿಸಿ, ಎಣ್ಣೆ ಬಿಟ್ಟು, ಅತ್ತೆಯ ಮಂಚದ ಪಕ್ಕ ಇಟ್ಟು ನಾನೇ ತುಳಿದೆ. ಟಕ ಟಕ ಸದ್ದಿಗೆ ಅವರು ಕಣ್ಣು ತೆರೆದರು. ಸೊಟ್ಟಗಾಗಿದ್ದ ಬಾಯಿಂದ ಮೊದಲ ಸಾಲು ಬಂತು, ಒಂದು ಪದವೂ ತಪ್ಪದೆ. ಮೊದಲ ಸಾಲು ಮುಗಿಯಿತು, ಅತ್ತೆ ನಿಲ್ಲಿಸಿದರು. ಎದುರಿಗೆ, ಮೊದಲು ಅಮ್ಮನ ಮಿಷನ್ ಇದ್ದ ಕಡೆ ನೋಡುತ್ತ ಅಮ್ಮನ ಸಾಲಿನಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ ಮೂರನೆಯ ಸಾಲು ಹಾಡಿದರು. ಮತ್ತೆ ಸುಮ್ಮನೆ. ಇಷ್ಟು ವರ್ಷ ಇಬ್ಬರ ಪಾಲನ್ನೂ ಹಾಡಿದವರು ಈಗ ತಮ್ಮದಷ್ಟನ್ನೇ ಹಾಡಿ ಅಮ್ಮನದಕ್ಕೆ ಕಾಯುತ್ತಿದ್ದರು.

ಮೂರು ದಿನ ತುಳಿದೆ, ಮೂರೂ ದಿನ ಹಾಗೆಯೇ. ಕೊನೆಗೆ ತಡೆಯಲಾರದೆ ನಾನೇ "ದಾರಂ ತೆಗಿಂದಿ ವದಿನಾ" ಎಂದು ಎತ್ತಿಕೊಂಡೆ. ಮುಂದಕ್ಕೆ ಗೊತ್ತಿಲ್ಲದೆ ಲಲಲಾ ಎಂದೆ. ಅತ್ತೆ ಎಡಗೈ ಎತ್ತಿ ನನ್ನನ್ನು ತಡೆದರು.

"ನೀ ಅಲ್ಲ" ಎಂದರು. ಬಹಳ ಹೊತ್ತು ಬಾಯಿ ಹೊಂದಿಸಿಕೊಂಡು, "ಆಕೀನ್ನ ಕರಿ" ಎಂದರು.

ನಾನು ಎದ್ದು ಹಿತ್ತಲ ಬಾಗಿಲವರೆಗೆ ಹೋದೆ. ಅಲ್ಲಿ ಸ್ವಲ್ಪ ಹೊತ್ತು ನಿಂತು, ಮುಖ ಒರೆಸಿಕೊಂಡು ಒಳಗೆ ಬಂದೆ. "ಬರ್ತಾಳಂತ, ಅತ್ತಿ" ಎಂದೆ. ಅತ್ತೆ ಸಮಾಧಾನದಿಂದ ತಲೆಯಾಡಿಸಿ ಮತ್ತೆ ಮೊದಲ ಸಾಲಿನಿಂದ ಶುರು ಮಾಡಿದರು.

ನಾಲ್ಕನೆಯ ದಿನ ಬೆಳಿಗ್ಗೆ ತೀರಿಕೊಂಡರು. ಅಮ್ಮ ಬರುವುದಿಲ್ಲವೆಂದು ಅವರಿಗೆ ನಾನು ಹೇಳಲೇ ಇಲ್ಲ.